ಗುಲಾಬಿ ಪಾತಿಯೊಳಗೆ ಸೀಡಮ್ ಹಾಕಿಸುವ ಮುನ್ನ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಹೊಸ ಮನೆ ಕಟ್ಟಿಸಿ, ಮುಂದಿನ ಜಾಗದಲ್ಲಿ ಕೈತೋಟ ಮಾಡಿಸಲು ಹೊರಟಿರುವವರಲ್ಲಿ ನನ್ನದೊಂದು ವಿನಂತಿ. ಅದು ಸೀಡಮ್ ಎಂಬ, ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡದ ಕುರಿತು. ತೋಟ ಮಾಡಿಕೊಡುವವರು ಬಂದು, ‘ಹುಲ್ಲುಹಾಸಿನ ಬದಲು ಸೀಡಮ್ ಹಾಕೋಣ, ಅದಕ್ಕೆ ನೀರೇ ಬೇಡ, ಗುಲಾಬಿ ದಾಸವಾಳಗಳ ಬುಡದಲ್ಲಿ ತಾನಾಗಿಯೇ ಹಬ್ಬಿಕೊಳ್ಳುತ್ತದೆ’ ಎಂದರೆ ದಯವಿಟ್ಟು ಒಪ್ಪಬೇಡಿ. ಸೀಡಮ್‌ಗೆ ಕಡಿಮೆ ನೀರು ಸಾಕೆಂಬುದು ನಿಜ. ಆ ಕಾರಣಕ್ಕಾಗಿಯೇ ಅದನ್ನು ದಿನವೂ ನೀರು ಕೇಳುವ ಗಿಡಗಳ ನಡುವೆ ನೆಡಬಾರದು. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಈ ಮಾತು ನಂಬಿಸಿ ಹಾಕಿಹೋದ ಸೀಡಮ್ ಒಂದೇ ಮಳೆಗಾಲದಲ್ಲಿ ಬಹುಪಾಲು ಕೊಳೆತುಹೋಯಿತು, ಅದರ ನಡುವಿದ್ದ ಗುಲಾಬಿಗಳೂ ಸೊರಗಿದವು.

ಗುತ್ತಿಗೆ ಹಿಡಿದಾತ ಮಾಡಿದ್ದು ಇಷ್ಟು. ಕಾಂಪೌಂಡಿನ ಒಳಗೆ ಕೆಂಪು ಮಣ್ಣಿನ ಉದ್ದ ಪಾತಿ ತೆಗೆದು, ಧಾರಾಳವಾಗಿ ಕೊಟ್ಟಿಗೆ ಗೊಬ್ಬರವನ್ನೂ ತೆಂಗಿನ ನಾರಿನ ಪುಡಿಯನ್ನೂ ಬೆರೆಸಿ, ಗುಲಾಬಿ, ದಾಸವಾಳ, ಕನಕಾಂಬರಗಳನ್ನು ನೆಟ್ಟು, ಅವುಗಳ ನಡುವಿನ ಖಾಲಿ ಜಾಗಕ್ಕೆ ಟ್ರೇಗಳಲ್ಲಿ ಬೆಳೆಸಿ ತಂದಿದ್ದ ಸೀಡಮ್ ಹಾಸಿ, ಎಲ್ಲಕ್ಕೂ ಸೇರಿ ಒಂದೇ ಡ್ರಿಪ್ ಪೈಪು ಎಳೆದ. ಮೊದಲ ಕೆಲವು ವಾರ ಅದು ನೋಡಲು ಚೆಂದವೇ ಇತ್ತು, ಮೋಸ ಹೋಗುವುದೂ ಅಲ್ಲಿಯೇ. ಗೊಬ್ಬರ ಮತ್ತು ನೀರು ಹೆಚ್ಚಾದಾಗ ಸೀಡಮ್ ಗಟ್ಟಿಯಾಗಿ, ಗಿಡ್ಡವಾಗಿ ಬೆಳೆಯುವುದಿಲ್ಲ. ಎಲೆ ಮೆತ್ತಗಾಗಿ, ಕಾಂಡ ಉದ್ದವಾಗಿ, ಗೆಣ್ಣಿನಿಂದ ಗೆಣ್ಣಿಗೆ ಅಂತರ ಹೆಚ್ಚುತ್ತದೆ. ನೋಡುವವರಿಗೆ ಅದು ಸಮೃದ್ಧಿಯಂತೆ ತೋರುತ್ತದೆ. ಗುಲಾಬಿಯ ನೆರಳು ಬಿದ್ದ ಕಡೆಯಂತೂ ಬೆಳಕನ್ನು ಹುಡುಕಿಕೊಂಡು ಇನ್ನಷ್ಟು ಬಡಕಲಾಗಿ ವಾಲಿಕೊಂಡಿತು.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. 2021ರಂತಹ ವರ್ಷವಾದರೆ ನವೆಂಬರಿನಲ್ಲೂ ಬಿಡದೆ ಸುರಿದು ಕೊಯ್ಲಿಗೆ ಬಂದ ರಾಗಿಯನ್ನೇ ಹಾಳು ಮಾಡುತ್ತದೆ. ಆ ದಿನಗಳಲ್ಲಿ ನಾರಿನ ಪುಡಿ ಬೆರೆತ ಪಾತಿ ಹೀರಿಕೊಂಡ ನೀರನ್ನು ಬಿಡುವುದೇ ಇಲ್ಲ. ಮೊದಲು ಬುಡದ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ನೀರು ಬಿಡುವಷ್ಟು ಮೆತ್ತಗಾದವು. ಆಮೇಲೆ ಮಣ್ಣಿಗೆ ತಾಗಿದ ಕಾಂಡ ಕಪ್ಪಾಯಿತು. ಮೇಲಿನ ತುದಿ ಹಸಿರಾಗಿಯೇ ಇದ್ದುದರಿಂದ ಒಳಗಿನ ಕೊಳೆತ ಹೊರಗೆ ತಿಳಿಯಲಿಲ್ಲ. ಕರೆ ಮಾಡಿ ಕೇಳಿದಾಗ ಆತ, ಎಲೆ ಬಾಡಿದ್ದರೆ ನೀರು ಸಾಲದೆಂದೇ ಅರ್ಥ, ಡ್ರಿಪ್ ಇನ್ನೂ ಸ್ವಲ್ಪ ಹೊತ್ತು ಬಿಡಿ ಎಂದ. ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ: ನೀರು ಕಡಿಮೆಯಾದ ಸೀಡಮ್‌ನ ಎಲೆ ಸುಕ್ಕುಗಟ್ಟಿ ತೆಳ್ಳಗಾಗುತ್ತದೆ, ನೀರು ಹೆಚ್ಚಾದದ್ದರ ಎಲೆ ಊದಿಕೊಂಡು ಹಳದಿಯಾಗಿ ಉದುರುತ್ತದೆ. ಮೊದಲನೆಯದು ಒಮ್ಮೆ ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ಎರಡನೆಯದಕ್ಕೆ ಕೊಟ್ಟ ನೀರು ಅದನ್ನು ಕೊಲ್ಲುತ್ತದೆ.

ಗಿಡದ ಸ್ವಭಾವವೇ ಹಾಗೆ. ಸೀಡಮ್ ನಮ್ಮ ಕಾಡುಬಸಳೆಯ ಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಅನೇಕ ಗಿಡಗಳು ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಂಡು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಹಗಲು ಹೀಗೆ ನೀರು ಉಳಿಸಿಕೊಳ್ಳುವ ಗಿಡ ಮಣ್ಣಿನಿಂದ ಹೀರುವುದೂ ಅಲ್ಪವೇ. ಗುಲಾಬಿಯೊಂದು ಬಿಸಿಲಿನ ದಿನದಲ್ಲಿ ಖಾಲಿ ಮಾಡುವ ನೀರನ್ನು ಸೀಡಮ್ ಖಾಲಿ ಮಾಡಲಾರದು. ಅದರ ಮೇಲ್ಮೇಲಿನ ಬೇರುಗಳು ಆ ತೇವದಲ್ಲಿಯೇ ಉಸಿರುಗಟ್ಟಿ ಕೊಳೆಯುತ್ತವೆ. ಹಾಗೆಂದು ಡ್ರಿಪ್ ನಿಲ್ಲಿಸಿದರೆ ಗುಲಾಬಿ ಒಣಗುತ್ತದೆ. ಒಂದೇ ಪೈಪಿನಿಂದ ಇಬ್ಬರನ್ನೂ ಸಾಕುವ ಉಪಾಯವಿಲ್ಲ.

ಕೀಟದ ತೊಂದರೆ ಬೇರೆ. ದಾಸವಾಳಕ್ಕೆ ಹಿಟ್ಟು ತಿಗಣೆ ಬರುವುದು ಎಲ್ಲರಿಗೂ ಗೊತ್ತಿರುವುದೇ. ಅದರ ಬುಡದಲ್ಲಿ ಮೆತ್ತನೆಯ ಸೀಡಮ್ ಇದ್ದುದರಿಂದ ಇರುವೆಗಳು ಆ ಬಿಳಿ ಹುಳುಗಳನ್ನು ಕೆಳಕ್ಕೂ ಹರಡಿದವು, ಎಲೆಗಳ ಸಂದಿಯಲ್ಲಿ ಅಡಗಿದವನ್ನು ಹುಡುಕಿ ತೆಗೆಯುವುದು ಅಸಾಧ್ಯವಾಯಿತು. ದಾಸವಾಳಕ್ಕೆಂದು ಬೇವಿನ ಎಣ್ಣೆ ಸಿಂಪಡಿಸಿದಾಗ ಅದು ಸೀಡಮ್ ಮೇಲೂ ಬಿತ್ತು. ಬೂದಿ ಬಳಿದಂತೆ ಕಾಣುವ ಮೇಣದ ಲೇಪವಿರುವ ಜಾತಿಗಳಲ್ಲಿ ಎಣ್ಣೆ ಬಿದ್ದರೆ ಆ ಲೇಪ ಹೋಗಿ, ಬಿಸಿಲಿಗೆ ಎಲೆ ಸುಟ್ಟು ಕಲೆಯಾಗುತ್ತದೆ. ಸದಾ ಒದ್ದೆಯಾದ ಆ ಪಾತಿಗೆ ರಾತ್ರಿ ಬಸವನಹುಳುಗಳೂ ಬಂದವು. ಕೊನ್ನಾರಿ ಹುಲ್ಲು ಸೀಡಮ್ ನಡುವೆ ಎದ್ದಾಗ ಕಿತ್ತರೆ, ಗಡ್ಡೆ ಮಣ್ಣಿನಲ್ಲೇ ಉಳಿದು ಸೀಡಮ್ ಮಾತ್ರ ಬೇರುಸಮೇತ ಕೈಗೆ ಬರುತ್ತಿತ್ತು.

ಇದನ್ನು ಮಾರುವಾಗ ಪರದೇಶದ ಮಾಳಿಗೆ ತೋಟಗಳ ಚಿತ್ರಗಳನ್ನು ತೋರಿಸುತ್ತಾರೆ, ನಮಗೂ ತೋರಿಸಿದ್ದರು. ಚಿತ್ರಗಳು ಸುಳ್ಳಲ್ಲ. ಅಮೆರಿಕದ ಮಿಶಿಗನ್‌ನಲ್ಲಿರುವ ಫೋರ್ಡ್ ಕಾರ್ಖಾನೆಯೊಂದರ ಮೇಲೆ 10 ಎಕರೆಯಷ್ಟು ವಿಸ್ತಾರದಲ್ಲಿ ಸೀಡಮ್ ಹಾಸಲಾಗಿದೆ, ಜರ್ಮನಿಯಲ್ಲಿ ಇಂತಹ ಮಾಳಿಗೆಗಳು ಸಾಮಾನ್ಯ. ಆದರೆ ಅಲ್ಲಿ ಸೀಡಮ್ ಕೆಳಗಿರುವುದು ಗೊಬ್ಬರ ತುಂಬಿದ ಮಣ್ಣಲ್ಲ. ಕೆಲವೇ ಅಂಗುಲ ದಪ್ಪದ, ನೀರು ಸುಲಭವಾಗಿ ಬಸಿದುಹೋಗುವ ಕಲ್ಲಿನ ಚೂರುಗಳ ಹಾಸು. ಚಿತ್ರ ತೋರಿಸುವವರು ಆ ಹಾಸಿನ ಸುದ್ದಿಯನ್ನೇ ಎತ್ತುವುದಿಲ್ಲ. ಸೀಡಮ್‌ಗಳಲ್ಲಿ ಎತ್ತರಕ್ಕೆ ಬೆಳೆದು ಗುಲಾಬಿ ಬಣ್ಣದ ಗೊಂಚಲು ಬಿಡುವ ಬಗೆಗಳನ್ನೂ ಇಲ್ಲಿ ಮಾರುತ್ತಾರೆ. ಅವು ಹೆಪ್ಪುಗಟ್ಟುವ ಚಳಿಗಾಲಕ್ಕೆ ಒಗ್ಗಿದವು, ಬಯಲುಸೀಮೆಗೆ ಹೇಳಿದ್ದಲ್ಲ, ಅವುಗಳಿಗೆ ಹಣ ಹಾಕಬೇಡಿ.

ಸೀಡಮ್ ನಮ್ಮ ಊರಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಒಣ ಗಾಳಿ, ಒಳ್ಳೆಯ ಬಿಸಿಲು, ಡಿಸೆಂಬರಿನ ತಂಪು ರಾತ್ರಿಗಳು ಇಲ್ಲಿ ಅದಕ್ಕೆ ಒಪ್ಪುತ್ತವೆ. ಕಡಲೆಬೀಜದಂತಹ ಎಲೆಯ ಬಗೆ ಆ ಚಳಿ ಬಿಸಿಲುಗಳಿಗೆ ತುದಿಯಲ್ಲಿ ಕೆಂಪೇರುವುದು ನೋಡತಕ್ಕದ್ದೇ. ಅದಕ್ಕೆ ಅದರದೇ ಜಾಗ ಕೊಡಿ. ನೆಲಮಟ್ಟಕ್ಕಿಂತ ಅರ್ಧ ಅಡಿ ಎತ್ತರಿಸಿದ ಪಾತಿ, ಕೆಂಪು ಮಣ್ಣು ಒಂದು ಪಾಲಾದರೆ ಸಣ್ಣ ಜಲ್ಲಿ ಮತ್ತು ಇಟ್ಟಿಗೆ ಚೂರು ಸೇರಿ ಎರಡು ಪಾಲು, ಬೆಳಗಿನ ಬಿಸಿಲು ಬೀಳುವ ಪೂರ್ವದ ಮಗ್ಗುಲು ಇದ್ದರೆ ಸಾಕು. ಕ್ರಷರ್‌ನ ನುಣ್ಣನೆಯ ಪುಡಿಯನ್ನು ಬೆರೆಸಬೇಡಿ, ಅದು ನೀರು ತಾಗಿದಾಗ ಗಟ್ಟಿಯಾಗಿ ಕೂತು ಬಸಿಯುವುದನ್ನೇ ತಡೆಯುತ್ತದೆ. ಜೊತೆಗೆ ಲೋಳೆಸರ, ಎಚೆವೇರಿಯಾ ಮುಂತಾದ ಅದೇ ಸ್ವಭಾವದವನ್ನು ನೆಡಬಹುದು. ಕತ್ತಾಳೆ ಮಾತ್ರ ದೂರವಿರಲಿ, ಬೆಳೆದಂತೆ ಅದು ಎಲ್ಲರ ಬೆಳಕನ್ನೂ ಕಸಿಯುತ್ತದೆ. ಮಾವು, ಪಾರಿಜಾತಗಳ ಕೆಳಗೂ ಬೇಡ, ಉದುರಿದ ಎಲೆ ಹೂಗಳು ಸೀಡಮ್ ಮೇಲೆ ಕೂತು ತೇವ ಹಿಡಿಯುತ್ತವೆ.

ಮುಂಗಡ ಕೊಡುವ ಮೊದಲು ಪಾತಿ ತೆಗೆಯುವ ಜಾಗದಲ್ಲಿ ಒಂದಡಿ ಗುಂಡಿ ತೋಡಿಸಿ, ನೀರು ತುಂಬಿಸಿ ಇಂಗಲು ಬಿಡಿ, ಮತ್ತೆ ತುಂಬಿಸಿ ಕಾಯಿರಿ. ಎರಡನೆಯ ಬಾರಿಯ ನೀರು ಮರುದಿನವೂ ನಿಂತಿದ್ದರೆ ಅಲ್ಲಿ ಸೀಡಮ್ ಬೇಡ. ಸೀಡಮ್‌ಗೆ ಪ್ರತ್ಯೇಕ ವಾಲ್ವ್ ಇಡುತ್ತೀರಾ, ಅಡಿಯಲ್ಲಿ ಜಲ್ಲಿ ಎಷ್ಟು ಹಾಕುತ್ತೀರಿ, ಯಾವ ಬಗೆ ತರುತ್ತೀರಿ ಎಂಬುದನ್ನು ಕೇಳಿ, ಉತ್ತರವನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಮಗೆ ಕೊಟ್ಟ ಬಿಲ್ಲಿನಲ್ಲಿ ಒಟ್ಟು ಮೊತ್ತವಿತ್ತೇ ಹೊರತು ಗಿಡದ ಹೆಸರೂ ಇರಲಿಲ್ಲ, ಹಾಗಾಗಿ ಬದಲಿ ಕೇಳಲು ನಮ್ಮಲ್ಲಿ ಆಧಾರವೇ ಉಳಿಯಲಿಲ್ಲ.

ಈಗಾಗಲೇ ಹಾಕಿಸಿ ಕೊಳೆಯಲು ಆರಂಭಿಸಿದ್ದರೆ ತಡ ಮಾಡದೆ ಹಸಿರು ತುದಿಗಳನ್ನು ಕಪ್ಪಾದ ಭಾಗಕ್ಕಿಂತ ಸಾಕಷ್ಟು ಮೇಲೆ ಕತ್ತರಿಸಿಕೊಳ್ಳಿ. ಕತ್ತರಿಸಿದ ಕಾಂಡದೊಳಗೆ ಕಂದು ಗೆರೆ ಕಂಡರೆ ಇನ್ನೂ ಮೇಲಕ್ಕೆ ಹೋಗಿ. ಎರಡು ಮೂರು ದಿನ ನೆರಳಿನಲ್ಲಿ ಒಣಗಲು ಬಿಟ್ಟು, ಗಾಯ ಮುಚ್ಚಿದ ಮೇಲೆ ಜಲ್ಲಿ ಬೆರೆತ ಒಣ ಮಣ್ಣಿನಲ್ಲಿ ಊರಿ, ನಾಲ್ಕೈದು ದಿನ ಕಳೆದ ಮೇಲೆ ಸ್ವಲ್ಪವೇ ನೀರು ಹನಿಸಿ. ಮಳೆ ನಿಲ್ಲುವ ತನಕ ಅವನ್ನು ಸೂರಿನ ಕೆಳಗೇ ಇಟ್ಟುಕೊಳ್ಳಿ.