ಅಮೆರಿಕದಲ್ಲಿ ಇಸಿಇ ಎಂಎಸ್‌ಗೆ ಹಣ ಕಟ್ಟುವ ಮೊದಲು ಈ ಎರಡು ವಿಷಯ ನೋಡಿಕೊಳ್ಳಿ

ನಾನು ಸೇರಿದ ಯೂನಿವರ್ಸಿಟಿಯ ಕ್ಯಾಟಲಾಗ್‌ನಲ್ಲಿ ಅನಲಾಗ್ ಐಸಿ ಡಿಸೈನ್‌ಗೆ, ಅಂದರೆ ಒಂದು ಬಗೆಯ ಚಿಪ್ ಡಿಸೈನ್‌ಗೆ, ಮೂರು ಕೋರ್ಸ್ ಇದ್ದವು. ನಾನು ಅಲ್ಲಿದ್ದ ಎರಡು ವರ್ಷದಲ್ಲಿ ಅವುಗಳಲ್ಲಿ ಒಂದೂ ನಡೆಯಲಿಲ್ಲ. ನಾನು ಸಾಲ ಮಾಡಿ ಹೋಗಿದ್ದು ಆ ಮೂರು ಕೋರ್ಸ್‌ಗಾಗಿ.

ನನ್ನ ಊರು ತುಮಕೂರು. ವಿಟಿಯು ಕಾಲೇಜಿನಲ್ಲಿ ಇಸಿ ಮಾಡಿ, ಬೆಂಗಳೂರಿನಲ್ಲಿ ಎರಡೂವರೆ ವರ್ಷ ಎಂಬೆಡೆಡ್ ಟೆಸ್ಟಿಂಗ್ ಕೆಲಸ ಮಾಡಿದೆ. ಚಿಪ್ ಡಿಸೈನ್ ಕಲಿಯಬೇಕು ಅನ್ನೋ ಆಸೆ ಬಿಇ ದಿನಗಳಿಂದಲೇ ಇತ್ತು. 2023ರ ಆಗಸ್ಟ್‌ನಲ್ಲಿ ಎಲೆಕ್ಟ್ರಿಕಲ್ ಅಂಡ್ ಕಂಪ್ಯೂಟರ್ ಎಂಜಿನಿಯರಿಂಗ್ (ಇಸಿಇ) ಎಂಎಸ್‌ಗೆ ಅಮೆರಿಕಕ್ಕೆ ಹೋದೆ. ಯೂನಿವರ್ಸಿಟಿಯ ಹೆಸರು ಬರೆಯುವುದಿಲ್ಲ, ಕಳಿಸಿದ ಕನ್ಸಲ್ಟೆನ್ಸಿಯ ಹೆಸರನ್ನೂ ಬರೆಯುವುದಿಲ್ಲ. ಆದರೆ ನಡೆದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ಕನ್ಸಲ್ಟೆನ್ಸಿಯವರು ನನ್ನಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ. ಒಳ್ಳೆಯವರು ಅಂದುಕೊಂಡೆ. ಸೇರಿಸಿದ ಪ್ರತಿ ವಿದ್ಯಾರ್ಥಿಗೂ ಕೆಲವು ಯೂನಿವರ್ಸಿಟಿಗಳೇ ಏಜೆಂಟರಿಗೆ ಕಮಿಷನ್ ಕೊಡುತ್ತವೆ ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ. ಅವರು ಕೊಟ್ಟ ಪಟ್ಟಿಯಲ್ಲಿ ಎಂಟು ಹೆಸರಿದ್ದವು. ಆ ಎಂಟರ ಆಚೆ ನಾನೂ ಹುಡುಕಲಿಲ್ಲ. ಅದು ನನ್ನ ತಪ್ಪು. ಅಮೆರಿಕ ಸರ್ಕಾರ ಚಿಪ್‌ಗೆ 52 ಬಿಲಿಯನ್ ಡಾಲರ್ ಇಟ್ಟಿದೆ, ನೀವು ಓದು ಮುಗಿಸುವ ಹೊತ್ತಿಗೆ ಕೆಲಸ ನಿಮ್ಮನ್ನೇ ಹುಡುಕಿಕೊಂಡು ಬರುತ್ತೆ ಅಂತ ಕನ್ಸಲ್ಟೆನ್ಸಿಯವರು ಅಂದರು. 2022ರ ಆಗಸ್ಟ್‌ನಲ್ಲಿ ಚಿಪ್ಸ್ ಕಾಯ್ದೆ ಬಂದದ್ದು ನಿಜ. ಆದರೆ ಆ ಹಣದ ದೊಡ್ಡ ಪಾಲು ಕಾರ್ಖಾನೆ ಕಟ್ಟುವುದಕ್ಕೆ. ಕಾರ್ಖಾನೆ ಎದ್ದ ಮಾತ್ರಕ್ಕೆ ಹೊಸದಾಗಿ ಓದಿ ಬಂದ ಡಿಸೈನರ್‌ಗೆ ಕೆಲಸ ಸಿಗುವುದಿಲ್ಲ. ನಾನು ಮೊದಲ ವರ್ಷ ಮುಗಿಸಿದ ಬೇಸಿಗೆಯಲ್ಲೇ, 2024ರ ಆಗಸ್ಟ್‌ನಲ್ಲಿ, ಇಂಟೆಲ್ ಸುಮಾರು 15,000 ಜನರನ್ನು ತೆಗೆಯುವುದಾಗಿ ಹೇಳಿತು. ಹತ್ತು ವರ್ಷ ಅನುಭವ ಇದ್ದವರ ಪಕ್ಕದಲ್ಲಿ ನಿಂತು ನಾವು ಕೆಲಸ ಹುಡುಕಬೇಕಾಯಿತು.

ಈಗ ಕೋರ್ಸ್‌ಗಳ ವಿಷಯಕ್ಕೆ ಬರುತ್ತೇನೆ. ಕ್ಯಾಟಲಾಗ್ ಬೇರೆ, ಆಯಾ ಸೆಮಿಸ್ಟರ್‌ನ ವೇಳಾಪಟ್ಟಿ ಬೇರೆ. ಇಲಾಖೆ ಯಾವತ್ತೋ ಒಪ್ಪಿಗೆ ಪಡೆದ ಎಲ್ಲಾ ಕೋರ್ಸ್‌ಗಳ ಹೆಸರು ಕ್ಯಾಟಲಾಗ್‌ನಲ್ಲಿ ಉಳಿದುಕೊಂಡಿರುತ್ತದೆ. ಪಾಠ ಮಾಡುವ ಪ್ರೊಫೆಸರ್ ಬಿಟ್ಟು ಹೋದರೂ ಹೆಸರು ಹೋಗುವುದಿಲ್ಲ. ನಮ್ಮಲ್ಲಿ ಆಗಿದ್ದು ಅದೇ. ಅನಲಾಗ್ ಪಾಠ ಮಾಡುತ್ತಿದ್ದವರು ನಾನು ಹೋಗುವ ಹಿಂದಿನ ವರ್ಷವೇ ಬೇರೆ ಕಡೆ ಹೋಗಿದ್ದರು. ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಅಡ್ವೈಸರ್ ಹತ್ತಿರ ಕೇಳಿದಾಗ, ಮುಂದಿನ ಸೆಮಿಸ್ಟರ್ ನೋಡೋಣ ಅಂದರು. ಆ ಮುಂದಿನ ಸೆಮಿಸ್ಟರ್ ಬರಲೇ ಇಲ್ಲ.

ಡಿಜಿಟಲ್ ವಿಎಲ್‌ಎಸ್‌ಐ, ಅಂದರೆ ಡಿಜಿಟಲ್ ಚಿಪ್ ಡಿಸೈನ್, ಕೋರ್ಸ್ ಒಂದು ನಡೆಯಿತು. ಅದಕ್ಕೆ ಇದ್ದದ್ದು 30 ಸೀಟು, ನೋಂದಣಿಯಲ್ಲಿ ಸೀನಿಯರ್‌ಗಳಿಗೆ ಮೊದಲ ಅವಕಾಶ. ನನ್ನ ಸರದಿ ಬರುವ ಹೊತ್ತಿಗೆ ವೇಟ್‌ಲಿಸ್ಟ್ ಆಗಿತ್ತು. ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾದಲ್ಲಿ ಇರುವವರು ಸೆಮಿಸ್ಟರ್‌ಗೆ ಇಷ್ಟು ಕ್ರೆಡಿಟ್ ಅಂತ ತೆಗೆದುಕೊಳ್ಳಲೇಬೇಕು, ನಮ್ಮಲ್ಲಿ ಅದು 9. ಬೇಕಾದದ್ದು ಸಿಗಲಿಲ್ಲ ಅಂತ ಸುಮ್ನೆ ಕೂರುವ ಹಾಗಿಲ್ಲ. ಹಾಗಾಗಿ ಸಿಕ್ಕಿದ್ದನ್ನು ತೆಗೆದುಕೊಂಡೆ. ರ‍್ಯಾಂಡಮ್ ಪ್ರೋಸೆಸ್, ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್, ಆಂಟೆನಾ, ರೇಡಾರ್ ಸಿಸ್ಟಮ್ಸ್. ಒಂದೊಂದು ಕ್ರೆಡಿಟ್‌ಗೆ 1,350 ಡಾಲರ್. ಮೂರು ಕ್ರೆಡಿಟ್‌ನ ಒಂದು ಕೋರ್ಸ್ ಅಂದರೆ ಆಗಿನ ಲೆಕ್ಕದಲ್ಲಿ ಮೂರು ಲಕ್ಷ ರೂಪಾಯಿಗಿಂತ ಜಾಸ್ತಿ. ಬೇಡದ ಕೋರ್ಸ್‌ಗೆ ಅಷ್ಟು ಹಣ ಕಟ್ಟುವಾಗ ಕೈ ನಡುಗುತ್ತಿತ್ತು.

ರೇಡಾರ್ ಪಾಠ ಚೆನ್ನಾಗಿತ್ತು. ಅದನ್ನು ಹೇಳಲೇಬೇಕು. ಆ ಪ್ರೊಫೆಸರ್ ತುಂಬಾ ಶ್ರದ್ಧೆಯಿಂದ ಕಲಿಸಿದರು, ನನಗೂ ನಿಧಾನವಾಗಿ ಆ ವಿಷಯ ಹಿಡಿಸಿತು. ಎರಡನೇ ಸೆಮಿಸ್ಟರ್ ಕೊನೆಗೆ ಅವರ ಲ್ಯಾಬ್‌ನಲ್ಲಿ ಕೆಲಸ ಮಾಡಬಹುದಾ ಅಂತ ಕೇಳಲು ಹೋದೆ. ಅವರು ಮೊದಲು ನನ್ನ ವೀಸಾ ಯಾವುದು ಅಂತ ಕೇಳಿದರು. ಆಮೇಲೆ ಬೇಸರದಿಂದಲೇ ಹೇಳಿದರು: ಲ್ಯಾಬ್‌ನ ಪ್ರಾಜೆಕ್ಟ್‌ಗಳಿಗೆ ರಕ್ಷಣಾ ಇಲಾಖೆಯ ಹಣ, ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ಸೇರಿಸಿಕೊಳ್ಳಬೇಕು.

ಐಟಾರ್ ಅನ್ನುವ ಪದವನ್ನು ನಾನು ಮೊದಲ ಸಲ ಕೇಳಿದ್ದು ಆ ದಿನ. ಆಯುಧ ಮತ್ತು ರಕ್ಷಣಾ ತಂತ್ರಜ್ಞಾನ ಹೊರದೇಶದವರ ಕೈಗೆ ಹೋಗಬಾರದು ಅಂತ ಅಮೆರಿಕ ಮಾಡಿಕೊಂಡಿರುವ ನಿಯಮ ಅದು. ತಾಂತ್ರಿಕ ಮಾಹಿತಿಯನ್ನು ಹೊರದೇಶದ ವ್ಯಕ್ತಿಗೆ ಅಮೆರಿಕದ ಒಳಗೇ ತೋರಿಸಿದರೂ ಅದು ರಫ್ತು ಮಾಡಿದ ಹಾಗೆ. ಅದಕ್ಕೇ ಕೆಲಸದ ಜಾಹೀರಾತಿನಲ್ಲಿ 'ಯು.ಎಸ್. ಪರ್ಸನ್ ಆಗಿರಬೇಕು' ಅಂತ ಹಾಕಿರುತ್ತಾರೆ. ಸಿಟಿಜನ್, ಗ್ರೀನ್ ಕಾರ್ಡ್ ಇರುವವರು, ನಿರಾಶ್ರಿತರಾಗಿ ಆಶ್ರಯ ಪಡೆದವರು ಆ ಗುಂಪಿಗೆ ಬರುತ್ತಾರೆ. ಎಫ್-1ನಲ್ಲಿ ಇರುವ ನಾವು ಬರುವುದಿಲ್ಲ. ಕಂಪನಿಗೆ ನಾವು ಇಷ್ಟವಾದರೂ ಅವರು ಏನೂ ಮಾಡುವ ಹಾಗಿಲ್ಲ. ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಾದ ಕೆಲಸಕ್ಕಂತೂ ಸಿಟಿಜನ್‌ಗಳೇ ಆಗಬೇಕು.

ಕೆಲಸ ಹುಡುಕುವಾಗ ಇದರ ಪೂರ್ತಿ ಬಿಸಿ ತಟ್ಟಿತು. ರೇಡಾರ್, ಉಪಗ್ರಹ, ಏರೋಸ್ಪೇಸ್ ಅಂತ ನನ್ನ ಓದಿಗೆ ಹೊಂದುವ ಜಾಹೀರಾತುಗಳನ್ನು ಒಂದೊಂದಾಗಿ ತೆರೆದು ಮೊದಲು ಕೆಳಗಿನ ಸಾಲು ಓದುತ್ತಿದ್ದೆ. ಮತ್ತೆ ಮತ್ತೆ ಅದೇ ಪದ. ಮೊಬೈಲ್ ಫೋನಿನ ಆರ್‌ಎಫ್ (ರೇಡಿಯೊ ಸರ್ಕ್ಯೂಟ್) ಕೆಲಸಗಳಿಗೆ ಸಾಮಾನ್ಯವಾಗಿ ಈ ತಡೆ ಇರುವುದಿಲ್ಲ. ಆದರೆ ಅಲ್ಲಿ ಇಂಟರ್‌ವ್ಯೂನಲ್ಲಿ ಕೇಳುವುದು ಸರ್ಕ್ಯೂಟ್ ಡಿಸೈನ್. ಚಿಪ್ ಡಿಸೈನ್ ಸಾಫ್ಟ್‌ವೇರ್ ಕ್ಯಾಡೆನ್ಸ್‌ನಲ್ಲಿ ಏನು ಮಾಡಿದ್ದೀರಿ, ಆಂಪ್ಲಿಫೈಯರ್ ಡಿಸೈನ್ ಮಾಡಿದ್ದೀರಾ, ಟೇಪ್‌ಔಟ್ (ಮುಗಿದ ಡಿಸೈನನ್ನು ತಯಾರಿಕೆಗೆ ಕಳಿಸುವುದು) ನೋಡಿದ್ದೀರಾ ಅಂತ. ಆ ಮೂರು ಕೋರ್ಸ್ ನಡೆದಿದ್ದರೆ ಇವಕ್ಕೆಲ್ಲ ನನ್ನ ಹತ್ತಿರ ಉತ್ತರ ಇರುತ್ತಿತ್ತು ಅಲ್ವಾ?

ಟಿಎ, ಆರ್‌ಎ (ಪಾಠಕ್ಕೆ, ಸಂಶೋಧನೆಗೆ ನೆರವಾಗುವ ಸಂಬಳದ ಕೆಲಸಗಳು) ಸಿಕ್ಕೇ ಸಿಗುತ್ತೆ ಅನ್ನುವ ಮಾತನ್ನೂ ನಂಬಬೇಡಿ. ನಮ್ಮ ಇಲಾಖೆಯಲ್ಲಿ ಅವೆಲ್ಲ ಪಿಎಚ್‌ಡಿಯವರಿಗೇ ಹೋಗುತ್ತಿದ್ದವು. ನಾನು ಕ್ಯಾಂಪಸ್ ಊಟದ ಹಾಲ್‌ನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಿದೆ, ಸೆಮಿಸ್ಟರ್ ನಡೆಯುವಾಗ ನಿಯಮದ ಮಿತಿಯೇ ಅಷ್ಟು. ಅದು ದಿನಸಿಗೆ ಮತ್ತು ಬಾಡಿಗೆಯ ಒಂದು ಭಾಗಕ್ಕೆ ಸಾಕಾಯಿತು. ಫೀಸಿಗೆ ಒಂದು ಡಾಲರ್ ಕೂಡ ಉಳಿಯಲಿಲ್ಲ.

2025ರ ಮೇನಲ್ಲಿ ಡಿಗ್ರಿ ಬಂತು. ಓದು ಮುಗಿದ ಮೇಲೆ ಒಪಿಟಿ ಅನ್ನುವ ಕೆಲಸದ ಅನುಮತಿಯಲ್ಲಿ 12 ತಿಂಗಳು, ನಮ್ಮಂಥ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಓದಿದವರಿಗೆ ಇನ್ನೂ 24 ತಿಂಗಳು ಕೆಲಸ ಮಾಡಬಹುದು. ಎಲ್ಲರೂ ಹೇಳುವುದು ಈ ಮೂರು ವರ್ಷದ ಲೆಕ್ಕವನ್ನೇ. ಮೊದಲ 12 ತಿಂಗಳಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟಬಾರದು ಅನ್ನುವುದನ್ನು ಯಾರೂ ಒತ್ತಿ ಹೇಳುವುದಿಲ್ಲ. ನಾನು ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಗೀಟು ಹಾಕುತ್ತಿದ್ದೆ. ಎಪ್ಪತ್ತರ ಹೊತ್ತಿಗೆ ಕೆಲವರು ಫೋನ್ ಮಾಡಿ, ಹಣ ಕೊಟ್ಟರೆ ನಮ್ಮ ಕಂಪನಿಯಲ್ಲಿ ಇದ್ದೀರಿ ಅಂತ ತೋರಿಸುತ್ತೇವೆ ಅಂದರು. ಅದು ಮೋಸ. ಸಿಕ್ಕಿಬಿದ್ದರೆ ಮುಂದೆ ಯಾವ ವೀಸಾಗೂ ಕಲ್ಲು ಬೀಳುತ್ತದೆ. ದಯವಿಟ್ಟು ಅಂಥವರ ಹತ್ತಿರ ಹೋಗಬೇಡಿ. 84ನೇ ದಿನ ನಾನು ವಿಮಾನ ಹತ್ತಿದೆ.

ಈಗ ಬೆಂಗಳೂರಿನಲ್ಲಿ ಒಂದು ಚಿಪ್ ಕಂಪನಿಯಲ್ಲಿ ವೆರಿಫಿಕೇಶನ್, ಅಂದರೆ ಡಿಸೈನ್ ಸರಿ ಇದೆಯಾ ಅಂತ ಪರೀಕ್ಷಿಸುವ ಕೆಲಸ, ಮಾಡುತ್ತಿದ್ದೇನೆ. ಕೆಲಸ ಇಷ್ಟವಾಗಿದೆ. ಪಕ್ಕದಲ್ಲಿ ಕೂರುವ ಹುಡುಗ ಇದೇ ಕೆಲಸಕ್ಕೆ ಬಿಇ ಮುಗಿಸಿ, ಆರು ತಿಂಗಳು ತರಬೇತಿ ಪಡೆದು ಬಂದಿದ್ದಾನೆ. ಸಾಲ 38 ಲಕ್ಷ ತೆಗೆದಿದ್ದೆ, ಓದುವಾಗಿನ ಬಡ್ಡಿ ಸೇರಿ 44 ಲಕ್ಷ ಆಗಿದೆ. ಕಂತು ತಿಂಗಳಿಗೆ 59 ಸಾವಿರ, ಹತ್ತು ವರ್ಷ. ಅಡಮಾನಕ್ಕೆ ಇಟ್ಟಿರುವುದು ತುಮಕೂರಿನ ನಮ್ಮ ಮನೆಯ ಪತ್ರ. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿ ದುಡಿದು ಕಟ್ಟಿಸಿದ ಮನೆ. "ಪತ್ರ ಬ್ಯಾಂಕಲ್ಲಿದ್ರೆ ಏನಾಯ್ತು ಮಗಳೇ, ನಾವು ಮನೇಲೇ ಇದೀವಲ್ಲ" ಅನ್ನುತ್ತಾರೆ. ಅದನ್ನು ಕೇಳಿದಾಗೆಲ್ಲ ಗಂಟಲು ಕಟ್ಟುತ್ತದೆ.

ಚಿಕ್ಕಪ್ಪನ ಮಗನಿಗೆ ಈ ಸಲ ನಾಲ್ಕು ಕಡೆ ಅಡ್ಮಿಷನ್ ಬಂದಿದೆ. ಅವನೂ ಇಸಿಇ, ಅವನಿಗೂ ವಿಎಲ್‌ಎಸ್‌ಐ ಬೇಕು. ಹೋದ ಭಾನುವಾರ ಇಬ್ಬರೂ ಕೂತು ಆ ನಾಲ್ಕರ ಹಿಂದಿನ ನಾಲ್ಕು ಸೆಮಿಸ್ಟರ್‌ಗಳ ವೇಳಾಪಟ್ಟಿ ತೆಗೆದು ನೋಡಿದೆವು. ಅದು ಬಹಳಷ್ಟು ಕಡೆ ಲಾಗಿನ್ ಇಲ್ಲದೆಯೇ ಸಿಗುತ್ತದೆ. ತನಗೆ ಬೇಕಾದ ಐದು ಕೋರ್ಸ್‌ಗಳ ನಂಬರ್ ಬರೆದುಕೊಂಡ. ಯಾವುದು ಎಷ್ಟು ಸಲ ನಡೆದಿದೆ, ಎಷ್ಟು ಸೀಟು, ಪಾಠ ಮಾಡಿದವರು ಈಗಲೂ ಅಲ್ಲೇ ಇದ್ದಾರಾ ಅಂತ ಪಕ್ಕದಲ್ಲಿ ಗುರುತು ಹಾಕಿದ. ಆಮೇಲೆ ನಾಲ್ಕೂ ಇಲಾಖೆಗಳಿಗೆ ಮೇಲ್ ಹಾಕಿದ: ಈ ಐದರಲ್ಲಿ ಮುಂದಿನ ಎರಡು ವರ್ಷ ಯಾವುದು ಖಂಡಿತ ನಡೆಯುತ್ತದೆ, ಹೊರದೇಶದ ಎಂಎಸ್ ವಿದ್ಯಾರ್ಥಿಗಳು ಯಾವ ಲ್ಯಾಬ್ ಸೇರಬಹುದು ಅಂತ. ಎರಡು ಕಡೆಯಿಂದ ಪೂರ್ತಿ ಪಟ್ಟಿ ಬಂತು. ಒಂದು ಕಡೆಯವರು ಕ್ಯಾಟಲಾಗ್‌ನ ಲಿಂಕ್ ಮಾತ್ರ ಕಳಿಸಿದರು. ನಾಲ್ಕನೆಯವರು ಇನ್ನೂ ಉತ್ತರ ಕೊಟ್ಟಿಲ್ಲ, ಡೆಪಾಸಿಟ್ ಯಾವಾಗ ಕಟ್ಟುತ್ತೀರಿ ಅಂತ ಮಾತ್ರ ಅಲ್ಲಿಂದ ಎರಡು ಸಲ ಮೇಲ್ ಬಂದಿದೆ. ಅವನು ಕಟ್ಟಿಲ್ಲ.