ಗುಲ್ಮಾರ್ಗಕ್ಕೆ ಸ್ಕೀಯಿಂಗ್ ಹೋಗ್ತಿದ್ದೀರಾ? "ಸ್ಕೀ ಬ್ಯಾಗ್ ಕಡ್ಡಾಯ" ಅನ್ನುವ ಏಜೆಂಟರಿಂದ ಹುಷಾರು

ಬೆಳಗಾವಿಯಿಂದ ಕಾಶ್ಮೀರದ ಗುಲ್ಮಾರ್ಗಕ್ಕೆ ಪ್ಯಾಕೇಜ್ ಬುಕ್ ಮಾಡಿದವರು ದಯವಿಟ್ಟು ಇದನ್ನ ಪೂರ್ತಿ ಓದಿ. ನಿಮ್ಮ ಬಿಲ್ಲಿನಲ್ಲಿ "ಸ್ಕೀ ಬ್ಯಾಗ್, ಕಡ್ಡಾಯ" ಅಂತ ಒಂದು ಸಾಲು ಇದ್ದರೆ ಈಗಲೇ ಫೋನ್ ಮಾಡಿ ತೆಗೆಸಿ. ಅದು ಕಡ್ಡಾಯ ಅಲ್ಲ. ಮೊದಲ ಸಲ ಸ್ಕೀ (ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋದು) ಕಲಿಯುವವರ ಬೆನ್ನ ಮೇಲೆ ಬ್ಯಾಗ್ ಬೇಡವೇ ಬೇಡ.

ಏಜೆಂಟ್ ನಮ್ಮೂರಿನವನೇ. ಮನೆಗೆ ಬಂದು ಚಹಾ ಕುಡಿದು, ಮಕ್ಕಳ ತಲೆ ಸವರಿ ಹೋದವನು. ಪ್ಯಾಕೇಜಿನ ದುಡ್ಡು ಪೂರ್ತಿ ಕೊಟ್ಟ ಮೇಲೆ ಈ ಬ್ಯಾಗಿನ ಮಾತು ತೆಗೆದ. "ಹಿಮದಾಗ ಸಾಮಾನು ಇಡಾಕ ಜಾಗಾ ಇರಂಗಿಲ್ರೀ ಸರ್, ಅಲ್ಲಿ ಎಲ್ಲಾರೂ ಬೆನ್ನಿಗೆ ಬ್ಯಾಗ್ ಹಾಕ್ಕೊಂಡ ಸ್ಕೀ ಮಾಡ್ತಾರ. ನೀವು ವಿಡಿಯೋ ನೋಡಿಲ್ಲೇನ್ರೀ?" ನೋಡಿದ್ದೆ. ಎಲ್ಲರ ಬೆನ್ನಿಗೂ ಬ್ಯಾಗ್ ಇತ್ತು, ನಿಜ. ಆದರೆ ಆ ವಿಡಿಯೋದಲ್ಲಿ ಇರೋರು ಅಫರ್ವಟ್ ಬೆಟ್ಟದ ಮೇಲೆ, ಗುರುತು ಹಾಕಿದ ದಾರಿ ಬಿಟ್ಟು ಇಳಿಯುವವರು. ಹಿಮ ಕುಸಿದು ಯಾರಾದ್ರೂ ಹೂತು ಹೋದರೆ ಹುಡುಕೋಕೆ ಉದ್ದನೆಯ ಕೋಲು, ಅಗೆಯೋಕೆ ಸಲಿಕೆ, ಇವನ್ನ ಅವರು ಬ್ಯಾಗಿನಲ್ಲಿ ಹೊತ್ತಿರುತ್ತಾರೆ. ಅವರಿಗೆ ಬ್ಯಾಗ್ ಬೇಕು. ಕೆಳಗಿನ ಇಳಿಜಾರಿನಲ್ಲಿ ಬೀಳುತ್ತಾ ಏಳುತ್ತಾ ಕಲಿಯುವ ನಮಗೆ ಯಾಕೆ? ಇದನ್ನ ಅವನು ಹೇಳಲೇ ಇಲ್ಲ. ನಾಲ್ಕು ಬ್ಯಾಗ್ ಮಾರಿದ. ಒಂದಕ್ಕೆ 3,800 ರೂಪಾಯಿ. ಸ್ಕೀ ಬ್ಯಾಗ್ ಅಂತ ಹೇಳಿ ಕೊಟ್ಟಿದ್ದು ದೊಡ್ಡ ಟ್ರೆಕ್ಕಿಂಗ್ ಬ್ಯಾಗ್, ನಾಲ್ಕೂ ಕಡೆ ಪಟ್ಟಿ ಜೋತಾಡುವಂಥದ್ದು.

ಗುಲ್ಮಾರ್ಗದಲ್ಲಿ ಈ ಏಜೆಂಟೇ ಗೊತ್ತು ಮಾಡಿದ್ದ ಹುಡುಗ ಬಂದ. ತರಬೇತುದಾರ ಅಂತ ಹೇಳಿದ್ದರು. ಅವನೂ ಬ್ಯಾಗಿನ ಬಗ್ಗೆ ತುಟಿ ಬಿಚ್ಚಲಿಲ್ಲ, ಥರ್ಮಾಸು, ಕ್ಯಾಮೆರಾ, ಊಟದ ಡಬ್ಬಿ ಎಲ್ಲ ನಮ್ಮ ಬೆನ್ನಿಗೇ ತುಂಬಿಸಿದ. ಕಲಿಯುವಾಗ ಭಯಕ್ಕೆ ಮೈ ತಾನಾಗೇ ಹಿಂದಕ್ಕೆ ವಾಲುತ್ತೆ. ಸ್ಕೀಯಲ್ಲಿ ಮೈ ಮುಂದಕ್ಕೆ ಇರಬೇಕು, ಕಾಲು ಬೂಟಿನ ಮುಂಭಾಗಕ್ಕೆ ಒತ್ತಬೇಕು, ಆಗಲೇ ಕಾಲಿನ ಸ್ಕೀ ನಾವು ಹೇಳಿದ ಮಾತು ಕೇಳೋದು. ಬೆನ್ನಿಗೆ ಭಾರ ಇದ್ದರೆ ಅದು ಇನ್ನೂ ಹಿಂದಕ್ಕೇ ಜಗ್ಗುತ್ತೆ, ತಿರುಗುವಾಗ ಪಕ್ಕಕ್ಕೆ ತೂಗುತ್ತೆ. ನನ್ನ ಹೆಂಡತಿ ಹಿಂದಕ್ಕೆ ಬಿದ್ದಳು, ಸ್ಟೀಲ್ ಥರ್ಮಾಸ್ ಸೀದಾ ಬೆನ್ನೆಲುಬಿಗೆ ಒತ್ತಿತು. ರಾತ್ರಿ ಮಗ್ಗಲು ಬದಲಿಸೋಕೂ ಆಗದೆ ಅತ್ತಳು. ಆ ಹುಡುಗ "ಮೊದಮೊದಲು ಹಾಗೇ ಆಗುತ್ತೆ" ಅಂದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನ ಬರೆಯುತ್ತಿರಲಿಲ್ಲ.

ಬೆಟ್ಟದ ಮೇಲಕ್ಕೆ ಒಯ್ಯುವ ಗೊಂಡೊಲಾದಲ್ಲಿ (ಕೇಬಲ್ ಕಾರ್) ಬ್ಯಾಗ್ ತೊಂದರೆ ಕೊಡಲ್ಲ, ಮುಚ್ಚಿದ ಕ್ಯಾಬಿನ್, ತೊಡೆ ಮೇಲೆ ಇಟ್ಟುಕೊಂಡು ಕೂರಬಹುದು. ಆದರೆ ಅದರ ಮೊದಲ ಹಂತ ಮುಗಿಯುವ ಕೊಂಗ್ಡೂರಿಯಿಂದ ಮೇಲಕ್ಕೆ ಚೇರ್‌ಲಿಫ್ಟ್ ಇದೆ. ತಂತಿಗೆ ನೇತುಹಾಕಿದ ತೆರೆದ ಕುರ್ಚಿ, ಚಲಿಸ್ತಾನೇ ಇರುತ್ತೆ. ಕಾಲಲ್ಲಿ ಸ್ಕೀ ಹಾಕಿಕೊಂಡೇ ಹತ್ತಬೇಕು, ಇಳಿಯುವ ಜಾಗದಲ್ಲಿ ಎದ್ದು ಮುಂದಕ್ಕೆ ಜಾರಿ ಹೋಗಬೇಕು. ಬೆನ್ನ ಹಿಂದೆ ಬ್ಯಾಗ್ ಜಾಗ ತಿಂದಿದ್ದಕ್ಕೆ ನಾನು ಕುರ್ಚಿಯ ತುದಿಯಲ್ಲೇ ಕೂತಿದ್ದೆ, ಕೆಳಗೆ ನೋಡಿದರೆ ಜೀವ ಬಾಯಿಗೆ ಬರ್ತಿತ್ತು. ಮೇಲೆ ಮುಟ್ಟಿದೆವು. ಪಕ್ಕದಲ್ಲಿದ್ದ ಮಗ ಇಳಿದು ಹೋದ. ನಾನು ಎದ್ದೆ. ಎದ್ದೆ, ಆದರೆ ಮುಂದಕ್ಕೆ ಹೋಗೋಕೆ ಆಗ್ತಿಲ್ಲ! ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಪಟ್ಟಿ ಕುರ್ಚಿಗೆ ಸಿಕ್ಕಿಬಿದ್ದಿತ್ತು, ಕುರ್ಚಿ ನನ್ನನ್ನ ಎಳೆದುಕೊಂಡೇ ತಿರುಗ್ತಿತ್ತು. ಮಗ "ಪಪ್ಪಾ, ಪಪ್ಪಾ" ಅಂತ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ.

ಲಿಫ್ಟಿನವರು ಒಡನೆ ನಿಲ್ಲಿಸಿದರು, ಅವರಿಗೆ ಕೈಮುಗಿಯಬೇಕು. ಪಟ್ಟಿ ಬಿಡಿಸಿದವರು ಹಿಂದಿಯಲ್ಲಿ ಕೇಳಿದ್ದು ಇಷ್ಟೇ: "ಚೇರ್‌ಲಿಫ್ಟ್ ಹತ್ತುವಾಗ ಬ್ಯಾಗ್ ಬೆನ್ನಿಂದ ತೆಗೆದು ತೊಡೆ ಮೇಲೆ ಇಟ್ಟುಕೊಳ್ಳಬೇಕು, ಯಾರೂ ಹೇಳಲಿಲ್ವಾ?" ಇನ್ನೊಬ್ಬರು, ನಿಜವಾದ ತರಬೇತುದಾರರು, ನನ್ನ ಬ್ಯಾಗ್ ಎತ್ತಿ ನೋಡಿ, "ಕಲಿಯೋಕೆ ಬಂದವರಿಗೆ ಇದನ್ನ ಯಾರು ಕೊಟ್ಟರು?" ಅಂದರು. ಲಿಫ್ಟ್ ನಿಂತು ಜನರೆಲ್ಲ ನನ್ನನ್ನೇ ನೋಡ್ತಿದ್ದರು. ಆ ಕ್ಷಣ ತಿಳಿಯಿತು, ನಮ್ಮೂರಿನವನೇ ನಮಗೆ ಟೋಪಿ ಹಾಕಿದ್ದಾನೆ ಅಂತ. ಸುಮ್ನೆ ಹೆದರಿಸ್ತಿಲ್ಲ. 2017ರ ಜನವರಿಯಲ್ಲಿ ಅಮೆರಿಕದ ಕೊಲೊರಾಡೊದ ಅರಾಪಾಹೋ ಬೇಸಿನ್ ಅನ್ನೋ ಸ್ಕೀ ತಾಣದಲ್ಲಿ ಚೇರ್‌ಲಿಫ್ಟಿನಿಂದ ಇಳಿಯುವಾಗ ಹೀಗೇ ಬ್ಯಾಗ್ ಸಿಕ್ಕಿಕೊಂಡು ಒಬ್ಬರು ಕುತ್ತಿಗೆ ಬಿಗಿದು ಲಿಫ್ಟಿನಿಂದ ನೇತಾಡಿದ್ದರು. ಒಬ್ಬ ಹುಡುಗ ಕಂಬ ಹತ್ತಿ, ತಂತಿ ಮೇಲೆ ಹೋಗಿ, ಚಾಕುವಿನಿಂದ ಪಟ್ಟಿ ಕತ್ತರಿಸಿದ್ದಕ್ಕೆ ಜೀವ ಉಳಿಯಿತು.

ಅಲ್ಲಿಂದಲೇ ಏಜೆಂಟಿಗೆ ಫೋನ್ ಮಾಡಿದೆ. "ಬ್ಯಾಗ್ ನಿಮ್ಮ ಅನುಕೂಲಕ್ಕ ಕೊಟ್ಟಿದ್ದು ಸರ್." ಮತ್ತೆ ಕಡ್ಡಾಯ ಅಂತ ಯಾಕೆ ಬರೆದೆ ಅಂದರೆ, "ಅದು ಕಂಪ್ಯೂಟರಿನ್ಯಾಗ ಹಂಗ ಬರ್ತದ್ರೀ." ಪಟ್ಟಿ ಸಿಕ್ಕಿಬಿದ್ದಿದ್ದು ಹೇಳಿದರೆ, "ನೀವು ಲಿಫ್ಟಿನ್ಯಾಗ ಹೆಂಗ ಕುಂದರಬೇಕು ಅಂತ ನಾ ಬೆಳಗಾವಿಯಿಂದ ಹೇಳಾಕ ಬರ್ತದೇನ್ರೀ?" ಅಂದುಬಿಟ್ಟ! ಮಾರೋಕೆ ಬರುತ್ತೆ, ಹೇಳೋಕೆ ಬರಲ್ವಾ? ಊರಿಗೆ ಬಂದ ಮೇಲೆ ಬ್ಯಾಗ್ ವಾಪಸ್ ಕೊಡೋಕೆ ಹೋದರೆ, "ವಾಪರ್ಸಿದ ಮಾಲು ತಗೊಳ್ಳಂಗಿಲ್ರೀ." ಈಗ ಮೆಸೇಜ್ ಓದ್ತಾನೆ, ಉತ್ತರ ಇಲ್ಲ. ಮೊನ್ನೆ ಮಾತ್ರ ತಾನಾಗೇ ಒಂದು ಕಳಿಸಿದ: "ಸರ್, ಫೈವ್ ಸ್ಟಾರ್ ಹಾಕ್ರೀ, ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಮಾಡ್ತೀನಿ."

ಹೋಗುವವರು ಇಷ್ಟು ಮಾಡಿ. ಫೋನು, ದುಡ್ಡು, ಒಂದು ಚಾಕೊಲೇಟ್ ಜಾಕೆಟ್ಟಿನ ಚೈನ್ ಜೇಬಿನಲ್ಲಿ ಹಿಡಿಯುತ್ತೆ, ಉಳಿದಿದ್ದು ರೂಮಿನಲ್ಲಿ ಇರಲಿ. ಬ್ಯಾಗ್ ಬೇಕೇ ಬೇಕು ಅನ್ನೋರು ಚಿಕ್ಕದು ತಗೊಂಡು ಗಟ್ಟಿ ಸಾಮಾನು ಹಾಕಬೇಡಿ, ಎದೆಯ, ಸೊಂಟದ ಪಟ್ಟಿ ಬಿಗಿದು ಜೋತಾಡುವ ತುದಿ ಒಳಗೆ ಸೇರಿಸಿ. ಚೇರ್‌ಲಿಫ್ಟ್ ಬರುವ ಮುಂಚೆ ಪಟ್ಟಿ ಬಿಚ್ಚಿ ಬ್ಯಾಗ್ ತೊಡೆಗೆ ತಗೊಳ್ಳಿ. ಮಕ್ಕಳ ಬೆನ್ನಿಗಂತೂ ಹಾಕಲೇಬೇಡಿ.

ನನ್ನ 15,200 ರೂಪಾಯಿ ಇನ್ನೂ ಅವನ ಹತ್ತಿರವೇ ಇದೆ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ನಿಮಗೂ ಯಾರಾದ್ರೂ ಹೀಗೆ ಬ್ಯಾಗ್ ಮಾರಿದ್ದರೆ ಬಿಲ್ ಬಿಸಾಡಬೇಡಿ, ನನಗೆ ತಿಳಿಸಿ, ಸೇರಿ ದೂರು ಕೊಡೋಣ.