ಕೋರ್ಟಲ್ಲಿ ಗೆದ್ದಮೇಲೂ ಕೇಸ್ ಮುಗಿದಿರಲಿಲ್ಲ: ನನ್ನ ಬ್ಯಾರಿಸ್ಟರ್ ಹೇಗಿದ್ದರು

ಇಂಗ್ಲೆಂಡಿನಲ್ಲಿ ನರ್ಸ್ ಆಗಿರುವ ಕನ್ನಡದವರು ಯಾರಾದರೂ ಇದ್ದರೆ ಪೂರ್ತಿ ಓದಿ. ನನ್ನ ಪರ ಕೋರ್ಟಲ್ಲಿ ವಾದ ಮಾಡಿದ ವಕೀಲರ, ಅಂದರೆ ಬ್ಯಾರಿಸ್ಟರ್, ಹೆಸರು ಮಾತ್ರ ಕೇಳಬೇಡಿ, ಹೇಳಲ್ಲ. ಲಂಡನ್ನಿನವರು, ಕ್ರಿಮಿನಲ್ ಕೇಸೂ ನಡೆಸುತ್ತಾರೆ, ಡಾಕ್ಟರ್ ನರ್ಸ್‌ಗಳ ಲೈಸೆನ್ಸಿಗೆ ಕುತ್ತು ಬಂದಾಗ ಅದನ್ನೂ ನೋಡುತ್ತಾರೆ.

ನಡೆದದ್ದು ಇಷ್ಟು. ನೈಟ್ ಡ್ಯೂಟಿಯಲ್ಲಿ ಮರೆವಿನ ಕಾಯಿಲೆ ಇದ್ದ ಅಜ್ಜಿಯೊಬ್ಬರು ಡ್ರಿಪ್ ಕಿತ್ತುಹಾಕಲು ಹೋದರು, ನಾನು ಅವರ ಮಣಿಕಟ್ಟು ಹಿಡಿದೆ. ಕೈ ತಿರುಚಿದ್ದನ್ನು ಕಣ್ಣಾರೆ ನೋಡಿದೆ ಅಂತ ಜೊತೆಯವರೊಬ್ಬರು ದೂರು ಕೊಟ್ಟರು. ಕಾಮನ್ ಅಸಾಲ್ಟ್, ಅಂದರೆ ಹಲ್ಲೆ, ಅಂತ ಕೇಸ್ ಆಯಿತು. ಕೇಸಿನ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಅಂದರೆ ಸಾಲಿಸಿಟರ್, ಅವರ ಮೂಲಕ ಈ ಬ್ಯಾರಿಸ್ಟರ್ ಸಿಕ್ಕರು.

ಮೊದಲ ಭೇಟಿಯಲ್ಲಿ ಸಮಾಧಾನದ ಮಾತು ಒಂದೂ ಇಲ್ಲ. 'ಚಾರ್ಜ್ ಆಗಿದ್ದನ್ನು ಎನ್‌ಎಂಸಿಗೆ ತಿಳಿಸಿದ್ದೀರಾ?' ಅಂದರು. ನರ್ಸ್‌ಗಳ ರಿಜಿಸ್ಟರ್ ನೋಡಿಕೊಳ್ಳುವ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಇದೆಯಲ್ಲ, ಅದು. ಚಾರ್ಜ್ ಆದರೆ ನಾವೇ ಬೇಗ ತಿಳಿಸಬೇಕಂತೆ. ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನನ್ನ ಪೊಲೀಸ್ ಇಂಟರ್‌ವ್ಯೂ ಪ್ರತಿ ತೆಗೆದು ಒಂದು ಪದಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. 'ಸಾರಿ' ಅಂದಿದ್ದೆ ನಾನು. 'ಸ್ವಲ್ಪ ಬಿಗಿಯಾಗಿ ಹಿಡಿದೆನೋ ಏನೋ, ಸಾರಿ' ಅಂತ. ನಮ್ಮವರು ಎದುರಿಗಿದ್ದವರು ಸಿಟ್ಟಾದರೆ ಸಾಕು, ತಪ್ಪಿರಲಿ ಬಿಡಲಿ ಸಾರಿ ಅಂದುಬಿಡುತ್ತೇವೆ, ಅಲ್ವಾ? 'ಈ ಒಂದು ಪದವನ್ನು ಎರಡು ಕಡೆ ಓದುತ್ತಾರೆ, ಕೋರ್ಟಲ್ಲಿ ಒಂದು ಸಲ, ಎನ್‌ಎಂಸಿಯಲ್ಲಿ ಇನ್ನೊಂದು ಸಲ' ಅಂದರು.

ಮ್ಯಾಜಿಸ್ಟ್ರೇಟ್ಸ್ ಕೋರ್ಟ್ ದಿನ ಬಿಳಿ ವಿಗ್ ನೋಡುತ್ತೇನೆ ಅಂದುಕೊಂಡಿದ್ದೆ. ಅಲ್ಲಿ ವಿಗ್ಗೂ ಇಲ್ಲ, ಗೌನೂ ಇಲ್ಲ, ಅದೆಲ್ಲ ದೊಡ್ಡ ಕೇಸುಗಳ ಕ್ರೌನ್ ಕೋರ್ಟಿಗೆ. ಸಾಮಾನ್ಯ ಕಪ್ಪು ಸೂಟ್. ಪಾಟಿ ಸವಾಲಿನಲ್ಲಿ ಸಿನಿಮಾ ತರಹ ಕೂಗಾಟ ಇರುತ್ತದೆ ಅಂತಲೂ ಅಂದುಕೊಂಡಿದ್ದೆ. ಇವರು ಸಾಕ್ಷಿಯನ್ನು ಮೆತ್ತಗೆ ಕೇಳಿದರು, ಬೆಡ್ ಸುತ್ತ ಪರದೆ ಎಳೆದಿತ್ತಾ? ಎಳೆದಿತ್ತು. ನೀವು ಒಳಗಿದ್ದಿರಾ, ಹೊರಗಾ? ಉತ್ತರ ಬರಲು ಎಷ್ಟು ಹೊತ್ತಾಯಿತು ಅಂದರೆ ನಾನು ನನ್ನ ಉಗುರನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ, ಹೊರಗೆ. ಅಷ್ಟೇ, ಬ್ಯಾರಿಸ್ಟರ್ ಕೂತುಬಿಟ್ಟರು! ಇಷ್ಟು ದುಡ್ಡು ಕೊಟ್ಟಿದ್ದೇನೆ, ಇನ್ನೂ ನಾಲ್ಕು ಪ್ರಶ್ನೆ ಕೇಳಬಾರದಾ ಅಂತ ಹೊಟ್ಟೆ ಉರಿಯಿತು. ಆದರೆ ನಾನು ಖುಲಾಸೆ ಆಗಿದ್ದು ಆ ಪರದೆಯಿಂದಲೇ.

ಮನೆಗೆ ಬಂದು ಎಲ್ಲರಿಗೂ ಫೋನ್ ಮಾಡಿದೆ, ಮುಗೀತು ಅಂತ. ಮುಗಿದಿರಲಿಲ್ಲ. ಎನ್‌ಎಂಸಿಯವರು ಅದೇ ಘಟನೆಯನ್ನು ತಾವೇ ಬೇರೆಯಾಗಿ ವಿಚಾರಿಸಬಹುದು. ಕೋರ್ಟಿಗೆ ತಪ್ಪು ಖಚಿತವಾಗಬೇಕು, ಎನ್‌ಎಂಸಿಗೆ ನಡೆದಿರುವ ಸಾಧ್ಯತೆ ಜಾಸ್ತಿ ಅಂತ ಕಂಡರೆ ಸಾಕು. ಶಿಕ್ಷೆಯೂ ಸಣ್ಣದಲ್ಲ. 1ರಿಂದ 5 ವರ್ಷದ ಕಾಷನ್ (ಎಚ್ಚರಿಕೆ), ಷರತ್ತು ಹಾಕಿ ಕೆಲಸ, 1 ವರ್ಷದವರೆಗೆ ಸಸ್ಪೆನ್ಷನ್, ಇಲ್ಲವಾದರೆ ರಿಜಿಸ್ಟರ್‌ನಿಂದ ಹೆಸರೇ ತೆಗೆಯುವುದು. ಹೆಸರು ಹೋದರೆ 5 ವರ್ಷ ವಾಪಸ್ ಅರ್ಜಿ ಹಾಕುವಂತಿಲ್ಲ.

ಈ ಸಲ ಸಾಲಿಸಿಟರ್ ಇಲ್ಲದೆ ನೇರವಾಗಿ ಅವರನ್ನೇ ಹಿಡಿದೆ. ಪಬ್ಲಿಕ್ ಆಕ್ಸೆಸ್ ಅನ್ನುತ್ತಾರೆ, 2004ರಿಂದ ಇದೆ. ಎಲ್ಲ ಬ್ಯಾರಿಸ್ಟರ್‌ಗಳೂ ಹೀಗೆ ಕೇಸ್ ತೆಗೆದುಕೊಳ್ಳುವಂತಿಲ್ಲ, ಬ್ಯಾರಿಸ್ಟರ್‌ಗಳ ಮೇಲೆ ನಿಗಾ ಇಡುವ ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡ್‌ನ ಪಟ್ಟಿಯಲ್ಲಿ ನೋಡಿಕೊಳ್ಳಿ. ಖರ್ಚು ಸ್ವಲ್ಪ ಉಳಿಯಿತು, ಓಡಾಟ ಜಾಸ್ತಿಯಾಯಿತು. ಡ್ಯೂಟಿ ಪಟ್ಟಿ (ರೋಟಾ), ಟ್ರೈನಿಂಗ್ ಸರ್ಟಿಫಿಕೇಟ್, ವಾರ್ಡಿನವರ ಪತ್ರ ಎಲ್ಲ ನಾನೇ ಜೋಡಿಸಬೇಕಾಯಿತು.

ಎನ್‌ಎಂಸಿ ವಿಚಾರಣೆಗೆ ಅವರು ಬೇರೆಯೇ ಮನುಷ್ಯ. ಕೋರ್ಟಲ್ಲಿ ಒಂದು ಮಾತು ಜಾಸ್ತಿ ಆಡಬೇಡಿ ಅಂದವರು, ಇಲ್ಲಿ ಬಾಯಿಬಿಟ್ಟು ಹೇಳಿ ಅಂದರು. ಕೈ ತಿರುಚಿದ್ದನ್ನು ಒಪ್ಪಬೇಡಿ, ಆದರೆ ಆ ರಾತ್ರಿ ನೋಟ್ಸ್‌ನಲ್ಲಿ ಘಟನೆ ಬರೆಯದೆ ಬಿಟ್ಟಿದ್ದನ್ನು ಒಪ್ಪಿಕೊಳ್ಳಿ ಅಂದರು. ಆದದ್ದರಿಂದ ಏನು ಕಲಿತೆ ಅಂತ ನಾನು ಬರೆದುಕೊಟ್ಟ ರಿಫ್ಲೆಕ್ಷನ್ ಮೂರು ಸಲ ವಾಪಸ್ ಬಂತು. 'ಸ್ಟಾಫ್ ಕಡಿಮೆ ಇದ್ದರು' ಅಂತ ಬರೆದಲ್ಲೆಲ್ಲ ಗೆರೆ ಎಳೆದು, ಪಕ್ಕದಲ್ಲಿ 'ಮುಂದಿನ ಸಲ ಏನು ಮಾಡ್ತೀರಿ?' ಅಂತ ಬರೆದಿದ್ದರು. ಸಿಟ್ಟು ಬಂತು, ಸುಳ್ಳೇಕೆ. ಆದರೆ ಮೂರು ಜನರ ಪ್ಯಾನೆಲ್ ನನ್ನನ್ನು ತಿರುಗಿಸಿ ತಿರುಗಿಸಿ ಕೇಳಿದ್ದು ಅದನ್ನೇ. ಕೈ ತಿರುಚಿದ ಆರೋಪ ಸಾಬೀತಾಗಲಿಲ್ಲ. ನೋಟ್ಸ್ ವಿಷಯ ತಪ್ಪೇ, ಆದರೆ ಈಗ ಕೆಲಸ ಮಾಡಲು ತೊಂದರೆಯಿಲ್ಲ ಅಂತ ಬಿಟ್ಟರು.

ಇನ್ನು ಬೈಗುಳ. ಫೀಸ್ ಮೊದಲೇ ಪೂರ್ತಿ ಕಟ್ಟಬೇಕು, ಮೇಲೆ 20% ವ್ಯಾಟ್, ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎನ್‌ಎಂಸಿ ಕೇಸಿನಲ್ಲಿ ಗೆದ್ದರೂ ಆ ಖರ್ಚು ವಾಪಸ್ ಬರಲ್ಲ. ಬ್ಯಾರಿಸ್ಟರ್ ಜೊತೆ ಮಾತಾಡಬೇಕಾದರೂ ಅವರ ಕೆಲಸದ ದಿನ ಗೊತ್ತು ಮಾಡುವ ಕ್ಲರ್ಕ್‌ನನ್ನು ದಾಟಬೇಕು, ಆ ಪುಣ್ಯಾತ್ಮ ನಾಲ್ಕು ಮೇಲ್‌ಗೆ ಒಂದು ಉತ್ತರ ಕೊಡುತ್ತಿದ್ದ. ಹಿಯರಿಂಗ್‌ಗೆ ಒಂದು ವಾರ ಇದೆ ಅನ್ನುವಾಗ, ಅವರ ಇನ್ನೊಂದು ಟ್ರಯಲ್ ಮುಗಿದಿಲ್ಲ, ಬೇರೆಯವರನ್ನು ಕಳಿಸಬಹುದು ಅಂದ. ಆ ವಾರ ನನಗೆ ನಿದ್ದೆಯಿಲ್ಲ. ಕೊನೆಗೆ ಅವರೇ ಬಂದರು, ಅದು ಬೇರೆ ಮಾತು.

ಒಂದು ಮರೆತಿದ್ದೆ. ಯೂನಿಯನ್ನಿಗೆ ಈಗಲೇ ಸೇರಿ. ನಾನು ಘಟನೆ ಆದಮೇಲೆ ಫೋನ್ ಮಾಡಿದೆ, ಮೊದಲೇ ಮೆಂಬರ್ ಆಗಿದ್ದರೆ ಮಾತ್ರ ವಕೀಲರನ್ನು ಕೊಡುತ್ತೇವೆ ಅಂದರು.

ನಾಲ್ಕು ಸ್ಟಾರ್. ಐದನೆಯದು ಕ್ಲರ್ಕ್ ಹತ್ತಿರ ಇದೆ, ಅವನಿಗೆ ಮೇಲ್ ಮಾಡಿದ್ದೇನೆ.